ವಸ್ತಿ ಬಸ್ಸು, ವಿಮಾನದ ಅಟ್ಟ

ಗದಗ

ಪ್ರೀತಿಯ ಅವ್ವಿಗೆ ಅಪ್ಪನ ಆಶೀರ್ವಾದ.

ಮೊನ್ನೆ ನೀನು ಕಳಿಸಿದ ಫೋಟೋ ನೋಡಿ ನಿಮ್ಮವ್ವ ಎರಡು ದಿನ ಅದೇ ಮಾತಾಡಿದಳು. ವಿಮಾನದೊಳಗೆ ಹಿಂಭಾಗದಲ್ಲಿ ಬೀರುವಿನಂಥ ಬಾಗಿಲು, ಒಳಗೆ ಇಕ್ಕಟ್ಟು ಮೆಟ್ಟಿಲು, ಪ್ರಯಾಣಿಕರ ತಲೆಯ ಮೇಲೆ ಗಗನಸಖಿಯರಾದ ನೀವು ಪಾಳಿಯಲ್ಲಿ ಮಲಗುವ ಹಾಸಿಗೆಗಳು. ಎದ್ದು ಕೂತರೆ ತಲೆ ಬಡಿಯುತ್ತದೆ. ಮಲಗಿದಾಗಲೂ ಬೆಲ್ಟು. "ನನ್ನ ಮಗಳನ್ನ ಅಟ್ಟದ ಮೇಲೆ ಮಲಗಸ್ತಾರೇನ್ರೀ?" ಅಂದಳು. ನಾನು ನಕ್ಕೆ. ನನಗೆ ಅದು ರಾತ್ರಿ ಹಳ್ಳಿಯಲ್ಲೇ ತಂಗುವ ನಮ್ಮ ವಸ್ತಿ ಬಸ್ಸಿನ ಹಾಗೇ ಕಂಡಿತು.

ನಾನು ಕಂಡಕ್ಟರ್ ಆಗಿದ್ದಾಗ ರಾತ್ರಿ ಒಂಬತ್ತಕ್ಕೆ ಮುಂಡರಗಿ ಕಡೆಯ ಹಳ್ಳಿ ಮುಟ್ಟಿದರೆ ಬೆಳಿಗ್ಗೆ ಐದೂವರೆಗೆ ವಾಪಸ್. ಡ್ರೈವರ್‌ಗೆ ಹಿಂದಿನ ಉದ್ದ ಸೀಟು, ನನಗೆ ಮೂರು ಜನರ ಸೀಟು, ತಲೆದಿಂಬಿಗೆ ಕ್ಯಾಶ್ ಬ್ಯಾಗು. ಕಾಗದದ ಮೇಲೆ ಎಂಟು ತಾಸು ವಿಶ್ರಾಂತಿ. ಊಟ, ಟಿಕೆಟ್ ಲೆಕ್ಕ, ಸೊಳ್ಳೆ ಎಲ್ಲ ಕಳೆದರೆ ನಿದ್ದೆ ಮೂರೇ ತಾಸು.

ನಿಮ್ಮವ್ವನಿಗೂ ಹೇಳದ ಒಂದು ಸಂಗತಿ ಇದೆ. ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದೆ. ಒಮ್ಮೆ ಸಾಲಾಗಿ ಮೂರು ರಾತ್ರಿ ವಸ್ತಿ ಮಾಡಿದೆ. ಬದಲಿ ಬಂದಿರಲಿಲ್ಲ, ಓವರ್‌ಟೈಮ್ ಸಿಗುತ್ತದೆ ಅಂತ ನಾನೇ ಒಪ್ಪಿದ್ದೆ. ಬೆಳಿಗ್ಗೆ ಸಂತೆಗೆ ಹೊರಟ ಅಜ್ಜಿಯೊಬ್ಬಳು ಇಳಿಯುತ್ತಿದ್ದಳು, ತಲೆಯ ಮೇಲೆ ಮೆಂತ್ಯ ಪಲ್ಲೆಯ ಗಂಟು. ಒಂದು ಕಾಲು ನೆಲಕ್ಕೆ, ಒಂದು ಇನ್ನೂ ಮೆಟ್ಟಿಲ ಮೇಲೆ. ನನ್ನ ಕಣ್ಣು ತೆರೆದೇ ಇತ್ತು, ಅಜ್ಜಿ ಕಾಣಲಿಲ್ಲ. ಸೀಟಿ ಊದಿಬಿಟ್ಟೆ. ಯಾರೋ ಕೂಗಿದರು, ಡ್ರೈವರ್ ಬ್ರೇಕ್ ಒತ್ತಿದ. ಪಲ್ಲೆ ರಸ್ತೆ ತುಂಬ ಚೆಲ್ಲಿತ್ತು. ಪುಣ್ಯಕ್ಕೆ ಅಜ್ಜಿಯ ಮೊಣಕಾಲು ತರಚಿತ್ತು, ಅಷ್ಟೇ. "ನಿದ್ದಿ ಮಾಡಿಲ್ಲೇನೋ ಯಪ್ಪಾ?" ಅಂತ ನನ್ನನ್ನೇ ಕೇಳಿದಳು. ಬೈದಿದ್ದರೆ ಎಂದೋ ಮರೆತಿರುತ್ತಿದ್ದೆ.

ನಮ್ಮ ಓಣಿಯವರ ಪ್ರಕಾರ ನಿನ್ನ ಕೆಲಸ ಊಟ-ನೀರು ಕೊಡುವುದು. ಇರುವ ಬಾಗಿಲುಗಳಲ್ಲಿ ಅರ್ಧದಷ್ಟು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಗೆ ಬರುವಂತೆ ವಿಮಾನ ಕಟ್ಟಿರಬೇಕು ಅಂತ ಟ್ರೈನಿಂಗ್ ಮುಗಿಸಿ ಬಂದಾಗ ನೀನೇ ಹೇಳಿದ್ದೆ. ಆ ಬಾಗಿಲು ತೆರೆಯುವವಳು ನೀನಲ್ವಾ? ಡೆಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಅಂದರೆ ಹತ್ತಿರ ಹತ್ತಿರ 16 ತಾಸು. ಇಳಿದಾಗ ಅಲ್ಲಿ ಬೆಳಗು, ಇಲ್ಲಿ ನಾವು ದೇವರಿಗೆ ದೀಪ ಹಚ್ಚುವ ಹೊತ್ತು. ಮೈಗೆ ಯಾವ ಲೆಕ್ಕ ಹತ್ತಬೇಕು?

ಅಮೆರಿಕದಲ್ಲಿ ನಿಮ್ಮಂಥವರಿಗೆ ಎರಡು ಡ್ಯೂಟಿ ನಡುವಿನ ವಿಶ್ರಾಂತಿ 9 ತಾಸಿನಿಂದ 10 ಆಗಬೇಕು ಅಂತ 2018ರಲ್ಲಿ ಕಾನೂನು ಮಾಡಿದರಂತೆ. ನಿಯಮ ಹೊರಬಿದ್ದದ್ದು 2022ಕ್ಕೆ. ಒಂದು ತಾಸಿಗೆ ನಾಲ್ಕು ವರ್ಷ! ಅದರಲ್ಲೂ ಹೋಟೆಲ್ಲಿಗೆ ಹೋಗುವುದು, ಸ್ನಾನ, ಊಟ ಎಲ್ಲ ಬಂತು. ನಮ್ಮ ವಸ್ತಿ ಲೆಕ್ಕದ ಹಾಗೇ.

ಹೋದ ಸಲ ಗೆಳತಿಗೆ ತಲೆನೋವು ಅಂತ ನಿನ್ನ ಪಾಳಿಯ ಹಾಸಿಗೆ ಬಿಟ್ಟುಕೊಟ್ಟೆ ಅಂದೆ. ಒಳ್ಳೆಯದೇ. ಆದರೆ ಅದನ್ನೇ ರೂಢಿ ಮಾಡಿಕೊಳ್ಳಬೇಡ. ನಿದ್ದೆ ಬರದಿದ್ದರೂ ಸುಮ್ನೆ ಕಣ್ಣು ಮುಚ್ಚಿ ಮಲಗಿರು. ಒಳಗಿನ ಗಾಳಿ ಒಣ ಒಣ ಅಂತೀಯಲ್ಲ, ನೀರು ಜಾಸ್ತಿ ಕುಡಿ. ಹೆಚ್ಚುವರಿ ಫ್ಲೈಟಿಗೆ ಕೈ ಎತ್ತಬೇಡ. ಮನೆ ಸಾಲದ್ದು ಇನ್ನು ನಾಲ್ಕೇ ಕಂತು, ನನ್ನ ಪೆನ್ಶನ್‌ನಲ್ಲೇ ತೀರುತ್ತದೆ.

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇವೆ.

ಇನ್ನು ಮುಂದೆ ವಿಮಾನ ಇಳಿದ ಕೂಡಲೇ ಫೋನ್ ಮಾಡಬೇಡ. ಮಲಗಿ ಎದ್ದು ಮಾಡು. ಅಲ್ಲಿತನಕ ನಿಮ್ಮವ್ವನನ್ನು ನಾನು ಸಂಭಾಳಿಸುತ್ತೇನೆ.

ನಿನ್ನ ಅಪ್ಪ