ಹಾಡುಗಾರ ಗೆಳೆಯನಿಗೊಂದು ಪತ್ರ: ಲೆನರ್ಡ್ ಕೋಹೆನ್ ಪ್ರಕರಣವನ್ನು ಮುಂದಿಟ್ಟುಕೊಂಡು

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ವರ್ಷಗಳಿಂದ ನಿನ್ನ ಕಾರ್ಯಕ್ರಮಗಳ ದಿನಾಂಕ, ಸಂಭಾವನೆ, ಬ್ಯಾಂಕ್ ಖಾತೆ, ರೆಕಾರ್ಡಿಂಗ್ ಕರಾರುಗಳನ್ನೆಲ್ಲ ನೋಡಿಕೊಳ್ಳುತ್ತಿರುವ ಮ್ಯಾನೇಜರ್, ನೀನು ಲೆಕ್ಕ ಕೇಳಿದೊಡನೆ ವಾದ್ಯದವರ ಎದುರಿಗೇ ಕೂಗಾಡಿದರೆಂದೂ, ತಾನಿಲ್ಲದಿದ್ದರೆ ನಿನ್ನನ್ನು ಯಾರು ಕರೆಯುತ್ತಿದ್ದರು ಎಂದು ಹಂಗಿಸಿದರೆಂದೂ, ಆ ಮೇಲೆ ರಾತ್ರಿ ಹೊತ್ತಿನಲ್ಲಿ ಬೆದರಿಕೆಯ ಸಂದೇಶಗಳನ್ನು ಕಳುಹಿಸಿದರೆಂದೂ ಬರೆದಿದ್ದೀಯೆ. ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ನಿನ್ನ ಕೊನೆಯ ಪ್ರಶ್ನೆ. ಇಷ್ಟು ಕಾಲ ಮನೆಯವರಂತೆ ನಂಬಿದ ವ್ಯಕ್ತಿಯನ್ನು ಕೋರ್ಟಿಗೆ ಎಳೆಯುವುದು ಕಲಾವಿದನಾದವನಿಗೆ ಶೋಭಿಸುತ್ತದೆಯೇ ಎಂದು ಕೇಳಿದ್ದೀಯೆ. ಈ ಪ್ರಶ್ನೆಗೆ ಬರಿಯ ವಕೀಲನಾಗಿ ಉತ್ತರಿಸಲು ನನಗೆ ಮನಸ್ಸಿಲ್ಲ. ನೀನು ಬಹಳ ಮೆಚ್ಚುವ ಲೆನರ್ಡ್ ಕೋಹೆನ್ ಅವರ ಪ್ರಕರಣವನ್ನೇ ನಿನ್ನ ಮುಂದಿಡುತ್ತೇನೆ. ಅವರ ಹಾಡುಗಳನ್ನು ಬಲ್ಲ ನಿನಗೆ ಆ ಮೊಕದ್ದಮೆಯ ವಿವರಗಳು ಅಷ್ಟಾಗಿ ತಿಳಿದಿರಲಾರವು.

1934ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿ, ಮೊದಲು ಕವಿಯಾಗಿ, ಕಾದಂಬರಿಕಾರರಾಗಿ ಹೆಸರು ಮಾಡಿ, ಮೂವತ್ತು ದಾಟಿದ ಮೇಲೆ ಹಾಡುಗಾರರಾದ ಕೋಹೆನ್ 1994ರಲ್ಲಿ ಎಲ್ಲವನ್ನೂ ಬದಿಗಿಟ್ಟು, ಲಾಸ್ ಏಂಜಲೀಸ್ ಸಮೀಪದ ಮೌಂಟ್ ಬಾಲ್ಡಿಯ ಝೆನ್ ಬೌದ್ಧ ಕೇಂದ್ರಕ್ಕೆ ಹೋಗಿ, ಜೋಶು ಸಸಾಕಿ ಎಂಬ ಗುರುವಿನ ಸೇವೆಯಲ್ಲಿ ನಿಂತರು. 1996ರಲ್ಲಿ ಸನ್ಯಾಸ ದೀಕ್ಷೆಯನ್ನೂ ಪಡೆದರು. 1999ರಲ್ಲಿ ಬೆಟ್ಟದಿಂದಿಳಿದವರು ಮುಂಬಯಿಗೆ ಬಂದು ರಮೇಶ ಬಾಲ್ಸೇಕರ್ ಅವರ ಸತ್ಸಂಗದಲ್ಲಿ ಕುಳಿತರು. ಬಾಲ್ಸೇಕರ್ ನಿಸರ್ಗದತ್ತ ಮಹಾರಾಜರ ಶಿಷ್ಯರು; ನಿಸರ್ಗದತ್ತರದ್ದು ನಮ್ಮ ವಿಜಯಪುರ ಜಿಲ್ಲೆಯ ಇಂಚಗೇರಿಯ ಹೆಸರಿನಲ್ಲೇ ನಡೆದುಬಂದ ಸಂಪ್ರದಾಯ. ಮಾಂಟ್ರಿಯಲ್‌ನ ಯಹೂದಿ ಹಾಡುಗಾರನೊಬ್ಬ ಮನಸ್ಸಿನ ನೆಮ್ಮದಿಗಾಗಿ ಇಂಚಗೇರಿಯ ಪರಂಪರೆಯ ಗುರುವೊಬ್ಬರ ಮುಂದೆ ಕೂತಿದ್ದನೆಂಬುದು ನಮ್ಮ ಭಾಗದ ಹಲವರಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ಸಂಗತಿ ಎಂದು ನನಗನ್ನಿಸುವುದರಿಂದ ಇಲ್ಲಿ ಹೇಳಿದೆ.

ಆ ವರ್ಷಗಳಲ್ಲೆಲ್ಲ ಅವರ ಹಣಕಾಸಿನ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಕೆಲ್ಲಿ ಲಿಂಚ್. ಕೋಹೆನ್ನರ ಹಿಂದಿನ ಮ್ಯಾನೇಜರ್ ಮಾರ್ಟಿ ಮಾಶಾಟ್ ಅವರ ಕಚೇರಿಯಲ್ಲಿ ಸಹಾಯಕಿಯಾಗಿದ್ದ ಈಕೆ, 1988ರಲ್ಲಿ ಮಾಶಾಟ್ ತೀರಿಕೊಂಡ ಮೇಲೆ ಆ ಹೊಣೆಯನ್ನು ವಹಿಸಿಕೊಂಡು, ಸುಮಾರು ಹದಿನೇಳು ವರ್ಷ ನಿಭಾಯಿಸಿದರು. ಇಬ್ಬರ ನಡುವೆ ಕೆಲವು ಕಾಲ ಆಪ್ತ ಸಂಬಂಧವೂ ಇತ್ತು. ಆಕೆಗೆ ಖಾತೆಗಳ ಮೇಲೆ ಸಹಿಯ ಅಧಿಕಾರವಿತ್ತು; ಕರಾರುಗಳು ಆಕೆಯ ಮೂಲಕವೇ ಬರುತ್ತಿದ್ದವು, ಆಕೆ ತೋರಿಸಿದಲ್ಲಿ ಕೋಹೆನ್ ಸಹಿ ಮಾಡುತ್ತಿದ್ದರು. ನೀನು ನಿನ್ನ ಪತ್ರದಲ್ಲಿ ವಿವರಿಸಿದ ವ್ಯವಸ್ಥೆಗೂ ಇದಕ್ಕೂ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

2004ರ ಕೊನೆಯ ಭಾಗದಲ್ಲಿ ಮಗಳು ಲೋರ್ಕಾಳ ಕಿವಿಗೆ, ಲಿಂಚ್ ಅವರ ಕಚೇರಿಯ ನಂಟಿದ್ದ ಒಬ್ಬನಿಂದ, ನಿನ್ನ ತಂದೆ ತಮ್ಮ ಖಾತೆಗಳನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು ಎಂಬ ಸೂಚನೆ ಬಿತ್ತು. ಕೋಹೆನ್ ಲಾಸ್ ಏಂಜಲೀಸಿನ ಬ್ಯಾಂಕಿಗೆ ಹೋಗಿ ವಿಚಾರಿಸಿದರು. ಕೆಲವೇ ದಿನಗಳ ಹಿಂದೆ ಲಿಂಚ್ ಅವರ ಕ್ರೆಡಿಟ್ ಕಾರ್ಡಿನ 75,000 ಡಾಲರ್ ಬಾಕಿ ತಮ್ಮ ಖಾತೆಯಿಂದ ಸಂದಾಯವಾಗಿದೆಯೆಂದು ಅಲ್ಲಿ ತಿಳಿಯಿತೆಂದು ಅವರು ಮುಂದೆ ಹೇಳಿದರು. ಆಕೆಯ ಸಹಿಯ ಅಧಿಕಾರವನ್ನು ಕೂಡಲೇ ತೆಗೆಸಿದರು. ಉಳಿದ ಖಾತೆಗಳನ್ನು ಒಂದೊಂದಾಗಿ ತೆರೆಯುತ್ತ ಹೋದಾಗ, ನಿವೃತ್ತಿಗೆಂದು ಕೂಡಿಟ್ಟ ನಿಧಿಯಿಂದ 50 ಲಕ್ಷ ಡಾಲರಿಗೂ ಹೆಚ್ಚು ಹಣ ಹೋಗಿ, ಸುಮಾರು 1,50,000 ಡಾಲರ್ ಮಾತ್ರ ಉಳಿದಿರುವುದು ಕಂಡಿತು. ಆಗ ಅವರಿಗೆ ಎಪ್ಪತ್ತು ವರ್ಷ. ವಕೀಲರಿಗೆ ಕೊಡಲು ಮನೆಯನ್ನೇ ಅಡವಿಡಬೇಕಾಯಿತು.

ಇಲ್ಲಿ ನೀನು ಸ್ವಲ್ಪ ನಿಂತು ಓದಬೇಕಾದ ಒಂದು ವಿಷಯವಿದೆ. ಹಾಡುಗಳ ಹಕ್ಕನ್ನು ಮಾರಿ ಬಂದ ಹಣ ಕೋಹೆನ್ನರ ಹೆಸರಿಗೆ ನೇರವಾಗಿ ಬಂದಿರಲಿಲ್ಲ. ತೆರಿಗೆ ಉಳಿಸುವ ಯೋಜನೆ ಎಂಬ ವಿವರಣೆಯೊಂದಿಗೆ ಒಂದು ಕಂಪನಿಯನ್ನು ಹುಟ್ಟುಹಾಕಿ, ಹಣವನ್ನು ಅದರೊಳಗೆ ಇಡಲಾಗಿತ್ತು. ಕೋಹೆನ್ ಹೂಡಿದ ದಾವೆಯ ಪ್ರಕಾರ ಆ ಕಂಪನಿಯಲ್ಲಿ ಲಿಂಚ್ ಅವರ ಪಾಲು ಶೇಕಡಾ 99.5; ಹಾಡು ಬರೆದು, ರಾಗ ಹಾಕಿ, ಹಾಡಿದವರ ಪಾಲು ಶೇಕಡಾ 0.5. ಆ ಕಾಗದಗಳಿಗೆ, ತಾನು ಏನಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿಯದೆ, ವಿಶ್ವಾಸವಿಟ್ಟು, ಅವರೇ ಸಹಿ ಹಾಕಿದ್ದರು. ಒಂದೊಂದು ಸಾಲಿಗೆ ವರ್ಷಗಟ್ಟಲೆ ತಿದ್ದಾಡುತ್ತಿದ್ದ, ಹಾಡೊಂದಕ್ಕೆ ಹತ್ತಾರು ಚರಣ ಬರೆದು ಕೈಬಿಡುತ್ತಿದ್ದ ಮನುಷ್ಯ, ತನ್ನ ಬದುಕಿನ ಸಂಪಾದನೆಯನ್ನೆಲ್ಲ ಒಪ್ಪಿಸಿಕೊಡುವ ದಸ್ತಾವೇಜನ್ನು ಓದದೆ ಮುಂದೆ ದಾಟಿಸಿದ್ದರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಕಲೆಯಲ್ಲಿ ಮುಳುಗಿದವರ ಈ ಅನ್ಯಮನಸ್ಕತೆಯನ್ನು ನಾವು ಅಭಿಮಾನದಿಂದ ಕೊಂಡಾಡುತ್ತೇವೆ. ಅದನ್ನು ಬಳಸಿಕೊಳ್ಳುವವರು ಪಕ್ಕದಲ್ಲೇ ಕುಳಿತಿರುತ್ತಾರೆ.

2005ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯದಲ್ಲಿ ದಾವೆ ದಾಖಲಾಯಿತು. ಲಿಂಚ್ ಅದಕ್ಕೆ ಉತ್ತರ ಕೊಡಲಿಲ್ಲ. ಹಣಕಾಸಿನ ದಾಖಲೆಗಳನ್ನು ಹಾಜರುಪಡಿಸಬೇಕೆಂಬ ಸಮನ್ಸಿಗೂ ಓಗೊಡಲಿಲ್ಲ. 2006ರ ಮಾರ್ಚ್‌ನಲ್ಲಿ ನ್ಯಾಯಾಲಯ 90 ಲಕ್ಷ ಡಾಲರ್ ಕೊಡಬೇಕೆಂದು ಕೋಹೆನ್ ಪರವಾಗಿ ತೀರ್ಪಿತ್ತಿತು. ನಮ್ಮಲ್ಲಿ ಪ್ರತಿವಾದಿ ಬಾರದಿದ್ದಾಗ ಆಗುವ ಏಕಪಕ್ಷೀಯ ಡಿಕ್ರಿಯಂಥದೇ ಅದು. ಡಿಕ್ರಿ ಸಿಕ್ಕಿದರೆ ಹಣ ಸಿಕ್ಕಂತಲ್ಲ ಎಂಬುದು ನಮ್ಮ ತಾಲೂಕು ಕೋರ್ಟಿನಲ್ಲಿ ಡಿಕ್ರಿಯನ್ನು ಜಾರಿ ಮಾಡಿಸುವ ಅಮಲ್‌ಜಾರಿ ಅರ್ಜಿ ಹಿಡಿದು ಅಲೆದ ಪ್ರತಿಯೊಬ್ಬ ಕಕ್ಷಿದಾರನಿಗೂ ಗೊತ್ತು, ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ. ಆ ಮೊತ್ತ ಎಂದಾದರೂ ವಸೂಲಾದೀತೇ ಎಂಬ ಸಂದೇಹವನ್ನು ಪತ್ರಿಕೆಗಳು ಆಗಲೇ ಬರೆದವು. ಹಣವನ್ನು ನಿರ್ವಹಿಸುತ್ತಿದ್ದ ಕೊಲೊರಾಡೊದ ಹೂಡಿಕೆ ಸಂಸ್ಥೆಯಿಂದ 45 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೋರಿದ ಕೋಹೆನ್ನರ ಬೇಡಿಕೆಯನ್ನು 2007ರಲ್ಲಿ ಫೆಡರಲ್ ನ್ಯಾಯಾಧೀಶರು ವಜಾ ಮಾಡಿದರು. ಆ ಸಂಸ್ಥೆ ಕೋಹೆನ್ ಮೇಲೆ ಹೂಡಿದ್ದ ಮಾನನಷ್ಟದ ದಾವೆಯೂ ಮರುವರ್ಷ ವಜಾ ಆಯಿತು. ಇದನ್ನು ನಿನ್ನಿಂದ ಮುಚ್ಚಿಡುವುದು ಸರಿಯಲ್ಲ. ಕೋರ್ಟಿಗೆ ಹೋದರೆ ಕಳೆದುಕೊಂಡದ್ದೆಲ್ಲ ಮರಳಿ ಬರುತ್ತದೆಂದು ನಾನು ನಿನಗೆ ಭರವಸೆ ಕೊಡುವುದಿಲ್ಲ.

ಹಣದ ನಷ್ಟಕ್ಕಿಂತ ದೀರ್ಘಕಾಲ ಅವರನ್ನು ಹಿಂಸಿಸಿದ್ದು ಅನಂತರ ನಡೆದದ್ದು. ಕೆಲಸದಿಂದ ತೆಗೆದ ಮೇಲೆ ವರ್ಷಗಟ್ಟಲೆ ಆಕೆಯಿಂದ ಉದ್ದುದ್ದ ಇಮೇಲ್‌ಗಳು, ದೂರವಾಣಿಯಲ್ಲಿ ಬೈಗುಳ ಮತ್ತು ಬೆದರಿಕೆಯ ಧ್ವನಿ ಸಂದೇಶಗಳು ಬರುತ್ತಲೇ ಇದ್ದವು. ಕೋಹೆನ್ನರನ್ನು ಯಾವ ರೀತಿಯಲ್ಲೂ ಸಂಪರ್ಕಿಸಕೂಡದೆಂಬ ಶಾಶ್ವತ ತಡೆಯಾಜ್ಞೆ ಇದ್ದರೂ ಅವು ನಿಲ್ಲಲಿಲ್ಲ. 2012ರ ಮಾರ್ಚ್‌ನಲ್ಲಿ ಆಕೆಯ ಬಂಧನವಾಯಿತು; ಏಪ್ರಿಲ್‌ನಲ್ಲಿ ಜ್ಯೂರಿ ಎಲ್ಲ ಆರೋಪಗಳಲ್ಲೂ ತಪ್ಪಿತಸ್ಥೆ ಎಂದಿತು; 18 ತಿಂಗಳ ಸೆರೆವಾಸ, ಐದು ವರ್ಷಗಳ ಪ್ರೊಬೇಷನ್ ವಿಧಿಸಲಾಯಿತು. ಸಾಕ್ಷಿಕಟ್ಟೆಯಲ್ಲಿ ನಿಂತ ಎಪ್ಪತ್ತೇಳರ ಕೋಹೆನ್, ಮನೆಯ ಬಳಿ ಕಾರೊಂದು ನಿಧಾನವಾದರೂ ತನಗೆ ಆತಂಕವಾಗುತ್ತದೆ ಎಂಬರ್ಥದ ಮಾತನ್ನು ಹೇಳಿದರು. ಆ ಬೆದರಿಕೆಗಳನ್ನು ಅವರು ಸಹಿಸಿಕೊಂಡು ಸುಮ್ಮನಿರಲಿಲ್ಲ, ಒಂದೊಂದನ್ನೂ ಉಳಿಸಿಕೊಂಡಿದ್ದರು ಎಂಬುದನ್ನು ಗಮನಿಸು. ಹಾಗೆ ಉಳಿಸಿದ್ದರಿಂದಲೇ ಆ ಸಂದೇಶಗಳನ್ನು ಜ್ಯೂರಿಯ ಮುಂದಿಡಲು ಸಾಧ್ಯವಾಯಿತು.

ಶಿಕ್ಷೆ ಪ್ರಕಟವಾದ ದಿನ ಅವರು ನ್ಯಾಯಾಲಯದಲ್ಲಿ ಓದಿದ ಹೇಳಿಕೆಯಲ್ಲಿ ನಿನ್ನ ಪ್ರಶ್ನೆಗೆ ಉತ್ತರವಿದೆ ಎಂದು ನಾನು ನಂಬುತ್ತೇನೆ. ಒಂದು ಕಾಲದ ತನ್ನ ಸ್ನೇಹಿತೆ ಕೋರ್ಟಿನ ಕುರ್ಚಿಗೆ ಸಂಕೋಲೆಯಲ್ಲಿ ಬಂಧಿತಳಾಗಿ ಕೂತಿರುವುದನ್ನು ನೋಡಿ ತನಗೆ ಯಾವ ಸಂತೋಷವೂ ಇಲ್ಲ ಎಂದರು. ಆಕೆಯ ಪ್ರತಿಭೆ ದೊಡ್ಡದೆಂದು ಒಪ್ಪಿಕೊಂಡರು. ಆಕೆಯ ಹೃದಯ ದ್ವೇಷದಿಂದ ಪಶ್ಚಾತ್ತಾಪದ ಕಡೆಗೆ ತಿರುಗಲೆಂದು ಪ್ರಾರ್ಥಿಸುವುದಾಗಿ ಹೇಳಿದರು. ಜೊತೆಗೆ, ಆಕೆ ಜ್ಯೂರಿ ವಿಚಾರಣೆಗೆ ಪಟ್ಟು ಹಿಡಿದದ್ದರಿಂದಲೇ ತನ್ನ ಉಳಿತಾಯ ಬರಿದಾದ ಬಗೆ ಬೆಳಕಿಗೆ ಬಂತೆಂದು ಆಕೆಗೆ ಕೃತಜ್ಞತೆಯನ್ನೂ ಅರ್ಪಿಸಿದರು. ದೀಕ್ಷೆ ಪಡೆದ ಸನ್ಯಾಸಿಯೊಬ್ಬ, ದ್ವೇಷವನ್ನು ಒಳಗೆ ಬಿಟ್ಟುಕೊಳ್ಳದೆ, ತನ್ನ ದೂರಿನಿಂದ ಒಂದಕ್ಷರವನ್ನೂ ಹಿಂತೆಗೆದುಕೊಳ್ಳದೆ ನ್ಯಾಯಾಲಯದಲ್ಲಿ ನಿಲ್ಲಬಲ್ಲನಾದರೆ, ಲೆಕ್ಕ ಕೇಳುವುದರಿಂದ ನಿನ್ನ ಗೌರವಕ್ಕೆ ಯಾವ ಕುಂದೂ ಬರುವುದಿಲ್ಲ.

ಹಾಡಿನ ಕಥೆಯನ್ನು ನೀನು ಬಲ್ಲೆ. 1993ರ ನಂತರ ಹಾಡುಗಾರಿಕೆಯ ಪ್ರವಾಸವನ್ನೇ ಮಾಡದಿದ್ದವರು 2008ರ ಮೇ 11ರಂದು ಕೆನಡಾದ ಫ್ರೆಡೆರಿಕ್ಟನ್ ಎಂಬ ಸಣ್ಣ ಊರಿನ ರಂಗಮಂದಿರದಲ್ಲಿ ಮತ್ತೆ ವೇದಿಕೆ ಹತ್ತಿದರು. 2009ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಹಾಡುತ್ತಿರುವಾಗಲೇ ಕುಸಿದುಬಿದ್ದು, ಕೆಲವೇ ದಿನಗಳಲ್ಲಿ ತಮ್ಮ ಎಪ್ಪತ್ತೈದನೆಯ ಹುಟ್ಟುಹಬ್ಬದಂದು ಬಾರ್ಸಿಲೋನಾದಲ್ಲಿ ಮತ್ತೆ ಹಾಡಿದರು. ಕಳೆದುಹೋದ ಸಂಪಾದನೆಯನ್ನು ಅವರು ಕಂಠದಿಂದಲೇ ಮತ್ತೆ ಗಳಿಸಿದರು. ಇದನ್ನು ಕೆಲವರು ಅನ್ಯಾಯದಿಂದಾದ ಒಳಿತೆಂಬಂತೆ ಬಣ್ಣಿಸುತ್ತಾರೆ. ನನಗೆ ಆ ಬಣ್ಣನೆ ಒಪ್ಪಿಗೆಯಿಲ್ಲ. ವಿಶ್ರಾಂತಿಯ ವಯಸ್ಸಿನಲ್ಲಿ ಒಬ್ಬ ಮುದುಕ ಊರೂರು ಅಲೆದು ದುಡಿಯಬೇಕಾಯಿತು ಎಂಬುದು ಅದರಲ್ಲಿದ್ದೇ ಇದೆ.

ಇನ್ನು ನಿನ್ನ ವಿಷಯ. ಮ್ಯಾನೇಜರ್ ಎಂದರೆ ಕಾನೂನಿನ ಕಣ್ಣಿನಲ್ಲಿ ನಿನ್ನ ಏಜೆಂಟ್. 1872ರ ಭಾರತೀಯ ಕರಾರು ಕಾಯ್ದೆಯ 213ನೇ ಕಲಮಿನ ಪ್ರಕಾರ, ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಏಜೆಂಟಿನ ಕರ್ತವ್ಯ. ಆದ್ದರಿಂದ ನೀನು ಕೇಳಿದ್ದು ಅವಮಾನವೂ ಅಲ್ಲ, ಅನುಗ್ರಹದ ಬೇಡಿಕೆಯೂ ಅಲ್ಲ. ಆದರೆ ಇದುವರೆಗೆ ನೀನು ಬಾಯಿಮಾತಿನಲ್ಲಷ್ಟೇ ಕೇಳಿದ್ದೀಯೆ. ಇನ್ನು ಬರಹದಲ್ಲಿ ಕೇಳಬೇಕು. ಏಜೆಂಟ್ ಪಡೆದುಕೊಂಡು ಲೆಕ್ಕ ಒಪ್ಪಿಸದ ಹಣಕ್ಕಾಗಿ ದಾವೆ ಹೂಡಲು ಕಾಲಮಿತಿ ಕಾಯ್ದೆ ಮೂರು ವರ್ಷ ಕೊಡುತ್ತದೆ. ಏಜೆನ್ಸಿ ನಡೆಯುತ್ತಿರುವಾಗ ಲೆಕ್ಕ ಕೇಳಿ ನಿರಾಕರಿಸಲ್ಪಟ್ಟ ದಿನದಿಂದ, ಅಂಥ ಬೇಡಿಕೆಯೇ ಇಲ್ಲದಿದ್ದರೆ ಏಜೆನ್ಸಿ ಮುಗಿದ ದಿನದಿಂದ ಆ ಅವಧಿ ಓಡತೊಡಗುತ್ತದೆ. ದಿನಾಂಕವಿರುವ ನೋಟಿಸು ಮತ್ತು ಅದು ತಲುಪಿದ ರಸೀತಿ ನಮಗೆ ಬೇಕಾಗಿರುವುದು ಇದಕ್ಕಾಗಿಯೇ.

ತನ್ನನ್ನು ಬಿಟ್ಟರೆ ಮುಂದೆ ಬೇರೆ ಯಾರ ಮೂಲಕವೂ ಹಾಡಲಾಗದಂತೆ ಕರಾರಿನಲ್ಲಿ ಬರೆಸಿಕೊಂಡಿದ್ದೇನೆಂದು ಅವರು ಹೆದರಿಸಿದ್ದಾರಲ್ಲವೇ? ಕ್ರಿಕೆಟ್ ಆಟಗಾರ ಜಹೀರ್ ಖಾನ್ ಅವರ ಪ್ರಕರಣ ಇದಕ್ಕೆ ಬಹಳ ಹತ್ತಿರವಾದದ್ದು. ಕರಾರಿನ ಅವಧಿ ಮುಗಿದ ಮೇಲೂ ಹೊಸ ಒಪ್ಪಂದಕ್ಕೆ ಮೊದಲ ಹಕ್ಕು ತಮ್ಮದೇ ಎಂದು ಅವರ ಮ್ಯಾನೇಜ್‌ಮೆಂಟ್ ಕಂಪನಿ ವಾದಿಸಿದಾಗ, ಸುಪ್ರೀಂ ಕೋರ್ಟ್ 2006ರಲ್ಲಿ, ಅವಧಿಯ ನಂತರಕ್ಕೂ ಚಾಚುವ ಅಂಥ ನಿರ್ಬಂಧ ಅದೇ ಕರಾರು ಕಾಯ್ದೆಯ 27ನೇ ಕಲಮಿನಡಿ ಅಸಿಂಧು ಎಂದಿತು. ಅವಧಿ ಚಾಲ್ತಿಯಲ್ಲಿರುವಾಗಿನ ನಿರ್ಬಂಧದ ಮಾತು ಬೇರೆ. ಆದ್ದರಿಂದ ಮೂಲ ಕರಾರನ್ನು ನೋಡದೆ ನಾನು ಹೆಚ್ಚು ಹೇಳಲಾರೆ. ಇನ್ನು, ನೀನು ಹಾಡಿದ್ದರ ಮೇಲೆ ಪ್ರದರ್ಶಕನಾಗಿ ನಿನಗೇ ಪ್ರತ್ಯೇಕ ಹಕ್ಕುಗಳಿವೆ. 2012ರ ತಿದ್ದುಪಡಿ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವನ್ನು ಗಟ್ಟಿಗೊಳಿಸಿದೆ. ಗಾಯಕರ ರಾಯಧನ ಸಂಗ್ರಹಿಸುವ ಸಂಘದಲ್ಲಿ ನಿನ್ನ ಹೆಸರಿದೆಯೇ, ಇದ್ದರೆ ಅಲ್ಲಿ ಯಾರ ಬ್ಯಾಂಕ್ ಖಾತೆಯ ಸಂಖ್ಯೆ ಕೊಡಲಾಗಿದೆ ಎಂಬುದನ್ನು ತಕ್ಷಣ ವಿಚಾರಿಸು.

ಸೋಮವಾರ ಮೊದಲು ಬ್ಯಾಂಕಿಗೆ ಹೋಗಿ, ಖಾತೆಯ ಮೇಲೆ ಅವರಿಗಿರುವ ಸಹಿಯ ಅಧಿಕಾರವನ್ನು ಲಿಖಿತವಾಗಿ ರದ್ದುಪಡಿಸಿ, ಅರ್ಜಿಯ ಪ್ರತಿಗೆ ಮುದ್ರೆ ಹಾಕಿಸಿಕೋ. ಖಾತೆ ತೆರೆದ ದಿನದಿಂದ ಈವರೆಗಿನ ವಿವರಪಟ್ಟಿ ಕೇಳು. ನೀನು ಬರೆದುಕೊಟ್ಟ ಅಧಿಕಾರ ಪತ್ರ ನೋಂದಣಿಯಾಗಿದ್ದರೆ, ರದ್ದತಿ ಪತ್ರವನ್ನೂ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸೋಣ. ಸಂಘಟಕರಿಗೆ, ಇನ್ನು ಮುಂದೆ ಸಂಭಾವನೆಯನ್ನು ನಿನ್ನ ಖಾತೆಗೇ ಹಾಕಬೇಕೆಂದು ಬರೆ. ರಾತ್ರಿ ಬಂದ ಸಂದೇಶಗಳನ್ನು ಅಳಿಸಬೇಡ, ಉತ್ತರವನ್ನೂ ಕೊಡಬೇಡ. ಫೋನನ್ನು ಇದ್ದಂತೆಯೇ ತೆಗೆದುಕೊಂಡು ಬಾ. ಅವರು ಎದುರು ಸಿಕ್ಕರೆ ಜಗಳ ಬೇಡ, ಸಭ್ಯವಾಗಿ ನಮಸ್ಕರಿಸಿ ಮುಂದೆ ಹೋಗು. ನೋಟಿಸಿನ ಕರಡನ್ನು ನಾನು ಸಿದ್ಧಪಡಿಸುತ್ತೇನೆ. ಈ ಬಾರಿ ಪ್ರತಿ ಸಾಲನ್ನೂ ನೀನೇ ಓದಿ, ಅರ್ಥವಾಗದ್ದನ್ನು ಕೇಳಿ ತಿಳಿದುಕೊಂಡ ಮೇಲಷ್ಟೇ ಸಹಿ ಹಾಕಬೇಕು. ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸು. ಖಾತೆಗಳ ವಿಷಯವನ್ನು ಅವರಿಗೂ ಪೂರ್ತಿ ಹೇಳು.

ಇತಿ ನಿನ್ನ ಗೆಳೆಯ