ಮುಖ್ಯಸ್ಥರನ್ನು ಕೆಳಗಿಳಿಸುವ ಅಧಿಕಾರಕ್ಕೆ ವಿಮಾನದ ಟಿಕೆಟ್ ಯಾಕೆ?

ಮಾನ್ಯ ಸಂಪಾದಕರೇ,

ಮಹಾಸಭೆಗೆ ಬಾರದ ಸದಸ್ಯರಿಗೆ ಸಹಕಾರಿ ಸಂಘದ ಚುನಾವಣೆಯಲ್ಲಿ ಮತ ಇಲ್ಲ ಎಂಬ ತಕರಾರು ನಮ್ಮ ಉಡುಪಿ ಕಡೆ ಹೊಸತಲ್ಲ. ಮುಂಬೈಯಲ್ಲೋ ದುಬೈಯಲ್ಲೋ ಇರುವವರು ಊರಿನ ಸಭೆಗೆ ಬರುವುದಾದರೂ ಹೇಗೆ? ಇದೇ ಜಗಳ ಇಂಟರ್ನೆಟ್ಟಿನ ತಾಂತ್ರಿಕ ನಿಯಮ ಬರೆಯುವ ಐಇಟಿಎಫ್ ಸಂಸ್ಥೆಯಲ್ಲೂ ನಡೆದಿದೆ. ಕಟಪಾಡಿಯ ಮನೆಯಲ್ಲಿ ಕೂತು ನೆಟ್‌ವರ್ಕ್ ಕೆಲಸ ಮಾಡುವ ನನಗೆ ಇದು ಹೊಟ್ಟೆಪಾಡಿನ ವಿಷಯ.

1986ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಎಲ್ಲರೂ ಮತ ಹಾಕುವ ಚುನಾವಣೆ ಇಲ್ಲ. ಹತ್ತು ಮತಗಳ ಒಂದು ಆಯ್ಕೆ ಸಮಿತಿ ಮುಖ್ಯಸ್ಥರನ್ನು ಆರಿಸುತ್ತದೆ. ಆ ಹತ್ತು ಮಂದಿಯನ್ನು ಆರಿಸುವುದು ಚೀಟಿ ಎತ್ತಿದ ಹಾಗೆ. ನನಗೆ ಬಹಳ ಹಿಡಿಸಿದ್ದು ಇದೇ. ಸಮಿತಿಗೆ ಸೇರಲು ಮುಂದೆ ಬಂದವರ ಹೆಸರುಗಳಿಗೆ ನಂಬರ್ ಕೊಟ್ಟು ಪಟ್ಟಿ ಹಾಕುತ್ತಾರೆ. ಲಾಟರಿ ಫಲಿತಾಂಶದಂಥ ಅಂಕಿಗಳಲ್ಲಿ ಯಾವ ದಿನದ್ದು ಹಿಡಿಯುತ್ತೇವೆ ಅಂತ ಮೊದಲೇ ಹೇಳಿಬಿಡುತ್ತಾರೆ. ಆ ಅಂಕಿಗಳಿಂದ ಹತ್ತು ಹೆಸರು ತೆಗೆಯುವ ಲೆಕ್ಕದ ಸೂತ್ರವೂ ಬಹಿರಂಗ. ಹಾಗಾಗಿ ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ನಾನೂ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ, ಅದೇ ಹತ್ತು ಹೆಸರು ಬಂತು. ಒಂದೇ ಕಂಪನಿಯಿಂದ ಇಬ್ಬರಿಗಿಂತ ಜಾಸ್ತಿ ಕೂರುವಂತಿಲ್ಲ. ದೊಡ್ಡ ಕಂಪನಿಗಳ ಆಟಕ್ಕೆ ಇದು ಒಳ್ಳೆಯ ಬೇಲಿ.

ಆದರೆ ಆರಿಸಿದವರನ್ನು ಇಳಿಸಬೇಕಾದರೆ? 2020ರ ನಿಯಮಾವಳಿ ಪ್ರಕಾರ ಇಪ್ಪತ್ತು ಮಂದಿ ಸಹಿ ಹಾಕಬೇಕು. ಅಲ್ಲೂ ಒಂದು ಕಂಪನಿಗೆ ಎರಡೇ ಸಹಿ. ಅಂದರೆ ಕಡಿಮೆ ಅಂದರೂ ಹತ್ತು ಕಡೆಯವರು ಒಪ್ಪಬೇಕು. ಆಮೇಲೆ ಕೂರುವ ವಿಚಾರಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮತ ಬೇಕು. ಇದಕ್ಕೆ ನನ್ನ ಆಕ್ಷೇಪ ಇಲ್ಲ. ಸಿಟ್ಟು ಬಂತು ಅಂತ ಯಾರನ್ನೋ ಸುಮ್ನೆ ಕೆಳಗಿಳಿಸಬಾರದು, ಅಲ್ವಾ?

ಸರಿ ಕಾಣದ್ದು ಬೇರೆ. ಆಯ್ಕೆ ಸಮಿತಿಗೆ ಸೇರುವ ಅರ್ಹತೆ ಇದ್ದವರು ಮಾತ್ರ ಸಹಿ ಹಾಕಬಹುದಿತ್ತು. ಆ ಅರ್ಹತೆ ಬರುತ್ತಿದ್ದದ್ದು ಕಳೆದ ಐದು ಸಭೆಗಳಲ್ಲಿ ಮೂರಕ್ಕೆ ಖುದ್ದಾಗಿ ಹೋದವರಿಗೆ. ವರ್ಷಕ್ಕೆ ಮೂರು ಸಭೆ, ಒಂದೊಂದು ಒಂದೊಂದು ಖಂಡದಲ್ಲಿ. ವೀಸಾ, ವಿಮಾನ, ಹೋಟೆಲು ಎಲ್ಲ ಕಂಪನಿ ನೋಡಿಕೊಳ್ಳುವವರಿಗೆ ಸರಿ. ವರ್ಷಗಟ್ಟಲೆ ಆನ್‌ಲೈನ್‌ನಲ್ಲೇ ಕೆಲಸ ಮಾಡಿದವರು, ಬರೆದ ಕರಡನ್ನು ಎಲ್ಲರೂ ಓದಿದ್ದರೂ, ಸಹಿಗೆ ಮಾತ್ರ ಲೆಕ್ಕಕ್ಕಿಲ್ಲ!

ಕೊರೊನಾ ಬಂದು 2020 ಮತ್ತು 2021ರಲ್ಲಿ ಸಾಲಾಗಿ ಆರು ಸಭೆ ಪೂರ್ತಿ ಆನ್‌ಲೈನ್‌ನಲ್ಲೇ ನಡೆದವು. ಕೆಲಸ ನಿಲ್ಲಲಿಲ್ಲ. 2023ರಲ್ಲಿ ಆಯ್ಕೆ ಸಮಿತಿಯ ಅರ್ಹತೆಗೆ ಆನ್‌ಲೈನ್ ಹಾಜರಿಯನ್ನೂ ಸೇರಿಸಿಕೊಂಡರು. ಒಂದು ರೋಗ ಬಂದು ಬುದ್ಧಿ ಹೇಳಬೇಕಾಯಿತು.

ಮಣಿಪಾಲ, ಸುರತ್ಕಲ್‌ನ ಎಂಜಿನಿಯರಿಂಗ್ ಮೇಷ್ಟ್ರುಗಳು ಮತ್ತು ಮಂಗಳೂರಿನ ಸಾಫ್ಟ್‌ವೇರ್‌ನವರು ಇದನ್ನು ಗಮನಿಸಬೇಕು. ಅರ್ಹತೆಗೆ ಬೇಕಾದ ಮೂರು ಸಭೆ ಅಂದರೆ ಒಂದು ವರ್ಷ. ಮನೆಯಿಂದಲೇ ಕೂರಬಹುದು, ನಿದ್ದೆ ಸ್ವಲ್ಪ ಹೋಗುತ್ತದೆ ಅಷ್ಟೇ. ಆನ್‌ಲೈನ್ ಶುಲ್ಕ ಕಟ್ಟಲಾಗದವರಿಗೆ ಮನ್ನಾ ಕೂಡ ಇದೆ, ಅರ್ಜಿ ಹಾಕಿದರೆ ಸಾಕು.

– ಒಬ್ಬ ನೆಟ್‌ವರ್ಕ್ ಎಂಜಿನಿಯರ್, ಕಟಪಾಡಿ