ಮಹದಾಯಿಯ ಮೀನುಗಳ ಪರವಾಗಿ

ಪ್ರಿಯ ಬಸು,

ಮಹದಾಯಿ ಹೊಳೆಯ ನೀರು ಸುಮ್ನೆ ಸಮುದ್ರಕ್ಕೆ ಹರಿದು ಹೋಗುತ್ತದೆ, ಮಲಪ್ರಭೆಗೆ ತಿರುಗಿಸಿಕೊಂಡರೆ ಏನು ತಪ್ಪು ಅಂದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಜಗಳ ಆಗುತ್ತಿತ್ತು.

ಬೇಸಿಗೆಯಲ್ಲಿ ನಿಮ್ಮ ಪಟ್ಟದಕಲ್ಲಿನ ಕಡೆ ಮಲಪ್ರಭೆ ಹೇಗಿರುತ್ತದೆ ಅಂತ ನನಗೂ ಗೊತ್ತು. ಕುಡಿಯುವ ನೀರು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18 ಟಿಎಂಸಿ. ನನ್ನ ತಕರಾರು ಇಷ್ಟೇ. ನಮ್ಮ ಹೋರಾಟದ ಭಾಷಣಗಳಲ್ಲಿ ಟಿಎಂಸಿ ಬರುತ್ತದೆ, ಮೀನು ಬರುವುದಿಲ್ಲ.

ನಮ್ಮ ಖಾನಾಪುರ ತಾಲ್ಲೂಕು ಮಜವಾಗಿದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹೊರಟು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ಕಣಕುಂಬಿಯ ಪಕ್ಕದ ಕಳಸಾ ಹಳ್ಳದ ನೀರು ಪಶ್ಚಿಮಕ್ಕೆ ಇಳಿದು ಮಹದಾಯಿ ಸೇರುತ್ತದೆ. ಗೋವಾದವರು ಆ ಹೊಳೆಗೆ ಮಾಂಡೋವಿ ಅಂತಾರೆ. ಪಣಜಿಯಲ್ಲಿ ಅದು ಅರಬ್ಬಿ ಸಮುದ್ರ ಸೇರುತ್ತದೆ. ಎರಡರ ನಡುವೆ ಒಂದು ಏರು ಅಷ್ಟೇ. ನಮಗದು ಬೈಕಿನಲ್ಲಿ ಗೇರ್ ಬದಲಿಸುವಷ್ಟು ಹೊತ್ತು. ಮೀನಿಗೆ ದಾಟಲಾಗದ ಗೋಡೆ. ಪೆಥಿಯಾ ಸೆಟ್ನಾಯಿ ಅಂತ ಬೆರಳುದ್ದದ ಮೀನೊಂದಿದೆ, 1992ರಲ್ಲಿ ಅದಕ್ಕೆ ಹೆಸರಿಟ್ಟರು. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಅದಿಲ್ಲ.

ಮಹದಾಯಿ ಹುಟ್ಟುವ ಭೀಮಗಡದ ಕಾಡಿನ ಹಳ್ಳಗಳನ್ನು ಏಪ್ರಿಲ್‌ನಲ್ಲಿ ನೋಡಬೇಕು. ಹರಿವು ನಿಂತಿರುತ್ತದೆ, ಬಂಡೆಗಳ ನಡುವೆ ಅಲ್ಲಲ್ಲಿ ಮಡು ಉಳಿದಿರುತ್ತದೆ. ಇಡೀ ಹಳ್ಳದ ಜೀವ ಆ ಮಡುಗಳಲ್ಲೇ. ಮೇಲೆ ಮರಗಳ ನೆರಳು ಇರುವುದರಿಂದ ನೀರು ಕಾಯುವುದಿಲ್ಲ. ಎಲೆಯಿಂದ ಬಿದ್ದ ಹುಳವೇ ಎಷ್ಟೋ ಮೀನಿಗೆ ಊಟ. ಗಾರ್ರಾ ಜಾತಿಯ ಮೀನು ಬಂಡೆಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆದು ತಿನ್ನುತ್ತದೆ. ತಳದ ಹರಳುಗಳ ಸಂದಿಯಲ್ಲಿ ಮೀಸೆಯ ಸಣ್ಣ ಲೋಚ್ ಮೀನುಗಳು ಇರುತ್ತವೆ, ಕದಲದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಒಂದು ಮಡು ಬತ್ತಿತೆಂದರೆ ಅದರೊಳಗಿದ್ದವು ಓಡಿ ಹೋಗಲು ಜಾಗವೇ ಇಲ್ಲ.

ಮಳೆಗಾಲದ ಹೆಚ್ಚುವರಿ ನೀರನ್ನಷ್ಟೇ ತೆಗೆದರೆ ಏನಾಯ್ತು ಅಂತ ನೀನು ಕೇಳುತ್ತೀಯ, ಗೊತ್ತು. ಮೊದಲ ಮಳೆಗೆ ಕೆಂಪು ನೀರು ಬಂದಾಗ ಮೀನುಗಳು ಮೊಟ್ಟೆ ಇಡಲು ಪ್ರವಾಹಕ್ಕೆ ಎದುರಾಗಿ ಏರುತ್ತವೆ. ಮಲೆನಾಡಿನವರು ಇವನ್ನೇ ಹತ್ತುಮೀನು ಅನ್ನುವುದು. ಮಡುವಿನಲ್ಲಿ ಕೂತ ಹೂಳನ್ನು ಕೊಚ್ಚಿ ಹೊರಗೆ ಹಾಕುವುದೂ ಇದೇ ನೀರು. ಹೆಚ್ಚುವರಿ ಅನ್ನುವುದು ನಮ್ಮ ಲೆಕ್ಕ.

ಇನ್ನು ಸಮುದ್ರದ ವಿಷಯ. ಹಾವುಮೀನು ಹುಟ್ಟುವುದು ಸಮುದ್ರದ ಆಳದಲ್ಲಿ. ಗಾಜಿನಂಥ ಮರಿಯಾಗಿ ಹೊಳೆಯ ಬಾಯಿಗೆ ಬಂದು, ಮೇಲಕ್ಕೆ ಏರಿ, ಸಿಹಿನೀರಿನಲ್ಲಿ ವರ್ಷಗಟ್ಟಲೆ ಬೆಳೆಯುತ್ತದೆ. ಕೊನೆಗೆ ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೆ ಇಳಿಯುತ್ತದೆ, ಅಲ್ಲೇ ಸಾಯುತ್ತದೆ. ಪಶ್ಚಿಮದ ಹೊಳೆಗಳ ಸಿಸಿಯಾಪ್ಟರಸ್ ಗೋಬಿ ಅನ್ನುವ ಮೀನು ಇದಕ್ಕೆ ಉಲ್ಟಾ. ಹೊಳೆಯಲ್ಲಿ ಹುಟ್ಟಿದ ಮರಿ ಸಮುದ್ರಕ್ಕೆ ತೇಲಿಹೋಗಿ, ಅಲ್ಲಿ ಸ್ವಲ್ಪ ಬೆಳೆದು ಹಿಂದೆ ಬರುತ್ತದೆ. ಹೊಟ್ಟೆಯ ಮೇಲಿನ ರೆಕ್ಕೆಗಳು ಕೂಡಿ ಬಟ್ಟಲಿನಂತಾಗಿವೆ, ಅದನ್ನು ಊರಿಕೊಂಡು ಒದ್ದೆ ಬಂಡೆ ಹತ್ತುತ್ತದೆ! ಇವುಗಳಿಗೆ ಹೊಳೆ ಸಮುದ್ರವನ್ನು ಮುಟ್ಟಲೇಬೇಕು. ಪಣಜಿಯ ಮಾರುಕಟ್ಟೆಯಲ್ಲಿ ಕಾಲುಂದರ್ ಅಂತ ಮಾರುವ ಮೀನು ಬೆಳೆಯುವುದು ಉಪ್ಪು ಮತ್ತು ಸಿಹಿ ಬೆರೆಯುವ ಅಳಿವೆಯಲ್ಲಿ. ಮೇಲಿಂದ ಸಿಹಿನೀರು ಕಡಿಮೆಯಾದಷ್ಟೂ ಉಪ್ಪು ಒಳಗೆ ಬರುತ್ತದೆ. ಕಾಲುಂದರ್ ಹೇಗೋ ತಡೆದುಕೊಂಡೀತು, ಅಪ್ಪಟ ಸಿಹಿನೀರಿನ ಮೀನಿಗೆ ಆಗುವುದಿಲ್ಲ.

ಕಾಲುವೆ, ಸುರಂಗದಲ್ಲಿ ನೀರು ಮಲಪ್ರಭೆಯ ಕಡೆ ಬಂದರೆ ಅದರ ಜೊತೆ ಮೊಟ್ಟೆ, ಮರಿಗಳೂ ಬರಬಹುದು. ಒಂದು ಕಣಿವೆಯ ಮೀನು ಇನ್ನೊಂದರಲ್ಲಿ ಸೇರಿದರೆ ಏನೇನಾಗುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಕಾಲುವೆ ತೋಡುವ ಮುಂಚೆ ಯಾವ ಮಡುವಿನಲ್ಲಿ ಏನೇನಿದೆ ಅಂತ ಒಂದು ಪಟ್ಟಿಯಾದರೂ ಮಾಡಲಿ ಅನ್ನುವವನು ನಾನು. ಆಮೇಲೆ ನೀರಿನ ಮಾತು.

ನಿನ್ನಿಂದ ಒಂದು ಕೆಲಸ ಆಗಬೇಕು. ನಿಮ್ಮ ಅಜ್ಜ ಹುಡುಗರಿದ್ದಾಗ ಮಲಪ್ರಭೆಯಲ್ಲಿ ಬಲೆ ಬೀಸುತ್ತಿದ್ದರು ಅಂದಿದ್ದೆ. ಈಗ ಬಂಗಾಳ ಕೊಲ್ಲಿಯಿಂದ ನಿಮ್ಮೂರಿಗೆ ಒಂದು ಹಾವುಮೀನು ಬರಬೇಕೆಂದರೆ ವಿಜಯವಾಡದ ಬ್ಯಾರೇಜು, ನಾಗಾರ್ಜುನ ಸಾಗರ, ಶ್ರೀಶೈಲ, ಜುರಾಲಾ, ನಾರಾಯಣಪುರ ಎಲ್ಲ ದಾಟಬೇಕು. ಇವೆಲ್ಲ ಕಟ್ಟುವ ಮೊದಲು ಅಲ್ಲಿ ಹಾವುಮೀನು ಸಿಗುತ್ತಿತ್ತಾ, ಎಷ್ಟು ದೊಡ್ಡದು ಸಿಗುತ್ತಿತ್ತು, ಯಾವ ತಿಂಗಳಲ್ಲಿ, ಎಲ್ಲ ಕೇಳಿ ಬರಿ. ಅವರ ನೆನಪು ಚೆನ್ನಾಗಿರುವಾಗಲೇ ಕೇಳು, ಮುಂದೂಡಬೇಡ.

ನಿನ್ನ,
ಶಿವು
ಬೆಳಗಾವಿ